ಮುಳ್ಳು ಚುಚ್ಚಿದ ಪಾದ: ಮೂಳೆ ತಿನ್ನುವ ಶಿಲೀಂಧ್ರದ ಕಥೆ

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಶಿಲೀಂಧ್ರ ಎಂದ ಕೂಡಲೇ ನಮಗೆ ನೆನಪಾಗುವುದು ಮಳೆಗಾಲದಲ್ಲಿ ಬ್ರೆಡ್ ಮೇಲೆ ಬರುವ ಹಸಿರು ಬೂಷ್ಟು, ಹಳೆಯ ಉಪ್ಪಿನಕಾಯಿಯ ಮೇಲಿನ ಬಿಳಿ ಪದರ, ಇಲ್ಲವೇ ಚರ್ಮದ ಮೇಲಿನ ಹುಳಕಡ್ಡಿ. ನಮ್ಮ ಮನೆಯಲ್ಲಿ ಉರ್ದುವಿನಲ್ಲಿ ಇದನ್ನು ಫಫೂಂದಿ ಎನ್ನುತ್ತೇವೆ. ಬ್ರೆಡ್ ಎಸೆದರೆ ಮುಗಿಯಿತು, ಮುಲಾಮು ಹಚ್ಚಿದರೆ ಹೋಯಿತು ಎಂದೇ ನಾವು ತಿಳಿದಿದ್ದೇವೆ. ಆದರೆ ಇದೇ ಜಾತಿಯ ಕೆಲವು ಜೀವಿಗಳು ಮನುಷ್ಯನ ಮೂಳೆಯೊಳಗೆ ಸೇರಿಕೊಂಡು ಅದನ್ನು ನಿಧಾನವಾಗಿ ತಿನ್ನಬಲ್ಲವು. ಅದೂ ಯಾವ ಕಾಯಿಲೆಯೂ ಇಲ್ಲದ, ಓಡಾಡಿ ಆಡಿಕೊಂಡಿರುವ ಮಕ್ಕಳಲ್ಲಿ. ಇದು ಅಪರೂಪ, ಆದರೆ ನಿಜ.

"ಕಾಮರ್ಸ್ ವಿದ್ಯಾರ್ಥಿಗೆ ಈ ವಿಷಯ ಏಕೆ?" ಎಂದು ಸೈನ್ಸ್ ವಿಭಾಗದ ಸ್ನೇಹಿತರು ಕೇಳಬಹುದು. ಲೇಖನವನ್ನು ಕೊನೆಯವರೆಗೆ ಓದಿದರೆ ಇದು ಜೀವಶಾಸ್ತ್ರದ ಪಾಠ ಮಾತ್ರವಲ್ಲ, ಅರ್ಥಶಾಸ್ತ್ರದ ಪಾಠವೂ ಹೌದು ಎಂಬುದು ಗೊತ್ತಾಗುತ್ತದೆ.

ನಮ್ಮ ದೇಹ ಶಿಲೀಂಧ್ರವನ್ನು ಹೇಗೆ ತಡೆಯುತ್ತದೆ?

ಶಿಲೀಂಧ್ರ ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ, ಬ್ಯಾಕ್ಟೀರಿಯಾವೂ ಅಲ್ಲ. ಅದು ತನ್ನದೇ ಬೇರೆ ಗುಂಪು. ಅಣಬೆ, ಯೀಸ್ಟ್, ಬೂಷ್ಟು ಎಲ್ಲವೂ ಇದೇ ಕುಟುಂಬದವು. ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ, ಸಗಣಿಯಲ್ಲಿ, ಗಾಳಿಯಲ್ಲಿ ಇವುಗಳ ಬೀಜಕಣಗಳು ಎಲ್ಲೆಲ್ಲೂ ಇವೆ. ನಾವು ಪ್ರತಿದಿನ ಉಸಿರಿನ ಜೊತೆ ಅವುಗಳನ್ನು ಒಳಗೆ ಎಳೆದುಕೊಳ್ಳುತ್ತೇವೆ. ಆದರೂ ನಮಗೆ ಏನೂ ಆಗುವುದಿಲ್ಲ.

ಇದಕ್ಕೆ ಎರಡು ಮುಖ್ಯ ಕಾರಣಗಳಿವೆ. ಮೊದಲನೆಯದು ನಮ್ಮ ದೇಹದ ಬಿಸಿ. ಹೆಚ್ಚಿನ ಶಿಲೀಂಧ್ರಗಳು ತಂಪಾದ ಜಾಗದಲ್ಲಿ ಬದುಕುವಂಥವು, 37 ಡಿಗ್ರಿ ಸೆಲ್ಸಿಯಸ್ ಅವುಗಳಿಗೆ ಆಗಿಬರುವುದಿಲ್ಲ. ಎರಡನೆಯದು ನಮ್ಮ ರಕ್ತದ ಬಿಳಿ ಕಣಗಳು. ಒಳಗೆ ಬಂದ ಬೀಜಕಣಗಳನ್ನು ಅವು ನುಂಗಿ ನಾಶ ಮಾಡುತ್ತವೆ. ಆದ್ದರಿಂದಲೇ ಆಳವಾದ ಶಿಲೀಂಧ್ರ ಸೋಂಕು ಸಾಮಾನ್ಯವಾಗಿ ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ ಬರುತ್ತದೆ. ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವವರು, ಹತೋಟಿ ಇಲ್ಲದ ಸಕ್ಕರೆ ಕಾಯಿಲೆ ಇರುವವರು, ಬಹಳ ದಿನ ಸ್ಟೀರಾಯ್ಡ್ ತೆಗೆದುಕೊಂಡವರು ಇದಕ್ಕೆ ಉದಾಹರಣೆ. ಕೋವಿಡ್ ಎರಡನೇ ಅಲೆಯ ಸಮಯದಲ್ಲಿ, 2021ರಲ್ಲಿ, ಕಪ್ಪು ಶಿಲೀಂಧ್ರ ಎಂಬ ಹೆಸರನ್ನು ನಾವೆಲ್ಲ ಟಿವಿಯಲ್ಲಿ ಕೇಳಿದ್ದೆವು. ಅದೂ ಹೆಚ್ಚಾಗಿ ಇಂಥವರಿಗೇ ಬಂದಿತ್ತು.

ಹಾಗಾದರೆ ಆರೋಗ್ಯವಂತ ಮಗುವಿನ ಮೂಳೆಗೆ ಶಿಲೀಂಧ್ರ ಹೇಗೆ ಹೋಗುತ್ತದೆ? ದಾರಿ ಮುಖ್ಯವಾಗಿ ಎರಡು. ಒಂದು, ಮುಳ್ಳು ಅಥವಾ ಗಾಯದ ಮೂಲಕ ಚರ್ಮದ ಕೆಳಗೆ ಸೇರಿ, ಅಲ್ಲಿಂದ ಮೂಳೆಗೆ ಇಳಿಯುವುದು. ಇನ್ನೊಂದು, ಉಸಿರಿನ ಮೂಲಕ ಶ್ವಾಸಕೋಶಕ್ಕೆ ಹೋಗಿ, ಅಲ್ಲಿಂದ ರಕ್ತದ ಜೊತೆ ಮೂಳೆ ತಲುಪುವುದು. ಮೊದಲನೆಯ ದಾರಿಯ ಕಾಯಿಲೆಗೆ ನಮ್ಮ ಪಕ್ಕದ ರಾಜ್ಯದ ಊರಿನ ಹೆಸರೇ ಇದೆ.

ಮದುರೆಯ ಹೆಸರಿನ ಕಾಯಿಲೆ

1842ರಲ್ಲಿ ಮದ್ರಾಸ್ ಪ್ರಾಂತ್ಯದ ಮದುರೆಯಲ್ಲಿ ಕೆಲಸ ಮಾಡುತ್ತಿದ್ದ ಗಿಲ್ ಎಂಬ ಬ್ರಿಟಿಷ್ ವೈದ್ಯರು ರೈತರ ಪಾದದಲ್ಲಿ ಒಂದು ವಿಚಿತ್ರ ಕಾಯಿಲೆ ನೋಡಿ ವರದಿ ಮಾಡಿದರು. ಪಾದ ಊದಿಕೊಂಡು ಗಂಟು ಗಂಟಾಗಿ, ಅದರಲ್ಲಿ ಅನೇಕ ಸಣ್ಣ ರಂಧ್ರಗಳಾಗಿ ಕೀವು ಸೋರುತ್ತಿತ್ತು. ಮುಂದೆ ಇದಕ್ಕೆ ಮಧುರಾ ಫುಟ್ ಎಂಬ ಹೆಸರೇ ಉಳಿಯಿತು. 1860ರಲ್ಲಿ ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿದ್ದ ಹೆನ್ರಿ ವ್ಯಾನ್‌ಡೈಕ್ ಕಾರ್ಟರ್ ಇದು ಶಿಲೀಂಧ್ರದಿಂದ ಬರುವ ರೋಗ ಎಂದು ಹೇಳಿ, ಮೈಸಿಟೋಮಾ ಎಂದು ಹೆಸರಿಟ್ಟರು. ವೈದ್ಯಕೀಯ ಓದುವವರಿಗೆಲ್ಲ ಗೊತ್ತಿರುವ ಗ್ರೇಸ್ ಅನಾಟಮಿ ಪುಸ್ತಕ 1858ರಲ್ಲಿ ಹೊರಬಂದಾಗ ಅದರ ಚಿತ್ರಗಳನ್ನು ಬರೆದವರು ಇದೇ ಕಾರ್ಟರ್.

ಕಾಯಿಲೆ ಮಾತ್ರ ಅದಕ್ಕಿಂತಲೂ ಬಹಳ ಹಳೆಯದು. ಆಯುರ್ವೇದದ ಹಳೆಯ ಗ್ರಂಥಗಳಲ್ಲಿ ವಲ್ಮೀಕ ಎಂಬ ರೋಗದ ಹೆಸರಿದೆ. ವಲ್ಮೀಕ ಎಂದರೆ ಹುತ್ತ. ಹುತ್ತದ ಹಾಗೆ ಉಬ್ಬಿ, ತೂತು ತೂತಾದ ಈ ರೋಗ ಮೈಸಿಟೋಮಾ ಇರಬಹುದು ಎಂದು ಅನೇಕ ವೈದ್ಯರು ಬರೆದಿದ್ದಾರೆ. ಒಮ್ಮೆ ಈ ಕಾಯಿಲೆಯ ಚಿತ್ರ ನೋಡಿದವರಿಗೆ ಆ ಹೆಸರು ಎಷ್ಟು ಸರಿಯಾಗಿದೆ ಎಂಬುದು ಅರ್ಥವಾಗುತ್ತದೆ.

ಸುಡಾನಿನ ಹಳ್ಳಿಗಳಲ್ಲಿ

ಹೆಸರು ನಮ್ಮ ಕಡೆಯದಾದರೂ ಇಂದು ಈ ಕಾಯಿಲೆಯ ದೊಡ್ಡ ಹೊರೆ ಆಫ್ರಿಕಾದ ಸುಡಾನ್ ದೇಶದ ಮೇಲಿದೆ. ಭೂಮಧ್ಯರೇಖೆಯ ದಕ್ಷಿಣಕ್ಕೆ 15 ಡಿಗ್ರಿ, ಉತ್ತರಕ್ಕೆ 30 ಡಿಗ್ರಿ ಅಕ್ಷಾಂಶದ ನಡುವಿನ ಪ್ರದೇಶವನ್ನು ಮೈಸಿಟೋಮಾ ಪಟ್ಟಿ ಎನ್ನುತ್ತಾರೆ. ಸುಡಾನ್, ಸೆನೆಗಲ್, ಸೊಮಾಲಿಯಾ, ಯೆಮೆನ್, ಮೆಕ್ಸಿಕೊ, ಭಾರತ ಎಲ್ಲವೂ ಇದರಲ್ಲಿ ಬರುತ್ತವೆ. ಸ್ವಲ್ಪ ದಿನ ಮಳೆ, ಉಳಿದ ದಿನ ಒಣ ಬಿಸಿಲು ಇರುವ ಜಾಗಗಳು ಇವು.

ಸುಡಾನಿನ ಸೆನ್ನಾರ್ ರಾಜ್ಯದಂಥ ಕಡೆ ಹಳ್ಳಿಯ ಜೀವನ ನಮ್ಮ ಬಯಲುಸೀಮೆಯ ಹಳ್ಳಿಗಳಿಗಿಂತ ಬಹಳ ಬೇರೆಯಲ್ಲ. ದನ, ಕುರಿ, ಮೇಕೆಗಳನ್ನು ಮನೆಯ ಪಕ್ಕದಲ್ಲೇ ಕಟ್ಟುತ್ತಾರೆ. ದನದ ಕೊಟ್ಟಿಗೆಗೆ ಮುಳ್ಳಿನ ಕೊಂಬೆಗಳ ಬೇಲಿ ಹಾಕುತ್ತಾರೆ. ನಮ್ಮಲ್ಲಿ ಸಿಗುವ ಕರಿಜಾಲಿಯೇ ಅಲ್ಲಿಯೂ ಬೆಳೆಯುತ್ತದೆ. ನೆಲದ ಮೇಲೆ ಸಗಣಿ, ಅದರಲ್ಲಿ ಉದುರಿದ ಮುಳ್ಳು. ಮಕ್ಕಳು ಬರಿಗಾಲಿನಲ್ಲಿ ಕುರಿ ಕಾಯುತ್ತಾರೆ, ನೀರು ತರುತ್ತಾರೆ, ಆಡುತ್ತಾರೆ. ಮುಳ್ಳು ಚುಚ್ಚುತ್ತದೆ. ಕಿತ್ತು ಎಸೆದು ಮತ್ತೆ ಓಡುತ್ತಾರೆ.

ಆ ಮುಳ್ಳಿನ ತುದಿಯಲ್ಲಿ ಮಡ್ಯುರೆಲ್ಲಾ ಮೈಸಿಟೋಮಾಟಿಸ್ ಎಂಬ ಶಿಲೀಂಧ್ರ ಇದ್ದರೆ ಅದು ಚರ್ಮದ ಕೆಳಗೆ ಉಳಿದುಬಿಡುತ್ತದೆ. ಈ ಶಿಲೀಂಧ್ರದ ಹೆಸರಿನಲ್ಲಿಯೂ ಮದುರೆ ಇದೆ ಎಂಬುದನ್ನು ಗಮನಿಸಿ. ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ ಅಲ್ಲಿ ಒಂದು ಸಣ್ಣ ಗಂಟು ಕಾಣಿಸುತ್ತದೆ. ಜ್ವರ ಇಲ್ಲ, ನೋವೂ ಇಲ್ಲ. ಈ ರೋಗದ ಅತ್ಯಂತ ಮೋಸದ ಗುಣ ಇದೇ. ನಮ್ಮ ಮನೆಗಳಲ್ಲಿ ದಖನಿಯಲ್ಲಿ "ದುಖ್ತಾ ನಹೀ ತೋ ದವಾಖಾನಾ ಕಾಯ್ಕು?" ಎನ್ನುವುದುಂಟು. ನೋವಿಲ್ಲದಿದ್ದರೆ ಆಸ್ಪತ್ರೆ ಏಕೆ ಎಂಬ ಇದೇ ಯೋಚನೆ ಸುಡಾನಿನ ತಾಯಿಗೂ ಬರುತ್ತದೆ. ಅಲ್ಲಿ ಆಸ್ಪತ್ರೆ ಇರುವುದೂ ಬಹಳ ದೂರ. ಹಳ್ಳಿಯ ನಾಟಿ ವೈದ್ಯರು ಗಿಡಮೂಲಿಕೆ ಕಟ್ಟುತ್ತಾರೆ, ಕಾದ ಕಬ್ಬಿಣದಿಂದ ಬರೆ ಹಾಕುವುದೂ ಇದೆ.

ಗಂಟು ದೊಡ್ಡದಾಗುತ್ತದೆ. ಅದರಿಂದ ಸಣ್ಣ ಸುರಂಗಗಳು ಚರ್ಮಕ್ಕೆ ತೆರೆದುಕೊಂಡು ಕೀವು ಸೋರುತ್ತದೆ. ಆ ಕೀವಿನಲ್ಲಿ ಸಾಸಿವೆಗಿಂತ ಸಣ್ಣ ಕಾಳುಗಳು ಬರುತ್ತವೆ. ಒಂದೊಂದು ಕಾಳೂ ಶಿಲೀಂಧ್ರದ ಎಳೆಗಳು ಗಟ್ಟಿಯಾಗಿ ಸುತ್ತಿಕೊಂಡ ಒಂದು ಉಂಡೆ. ಗಂಟು, ಸುರಂಗ, ಕಾಳು ಈ ಮೂರೂ ಇದ್ದರೆ ಮೈಸಿಟೋಮಾ ಎಂದು ವೈದ್ಯರು ಗುರುತಿಸುತ್ತಾರೆ. ಅಷ್ಟು ಹೊತ್ತಿಗೆ ಶಿಲೀಂಧ್ರ ಕೆಳಗಿನ ಮೂಳೆಯನ್ನು ಕೊರೆಯಲು ಆರಂಭಿಸಿರುತ್ತದೆ. ಎಕ್ಸ್‌ರೇಯಲ್ಲಿ ಪಾದದ ಸಣ್ಣ ಮೂಳೆಗಳಲ್ಲಿ ಗುಂಡಗಿನ ತೂತುಗಳು ಕಾಣುತ್ತವೆ.

ಸುಡಾನಿನ ರೋಗಿಗಳಲ್ಲಿ ಹೆಚ್ಚಿನವರು 30 ವರ್ಷದೊಳಗಿನವರು, ಅವರಲ್ಲಿ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳೂ ಬಹಳ. ಅಂದರೆ ನಮ್ಮ ವಯಸ್ಸಿನವರು. ನಡೆಯಲು ಕಷ್ಟವಾದಾಗ ಮೊದಲು ನಿಲ್ಲುವುದು ಶಾಲೆ. ವಾಸನೆ ಬರುವ ಕೀವಿನ ಕಾರಣ ಮಕ್ಕಳು ನಾಚಿಕೆಯಿಂದ ಹೊರಗೆ ಬರುವುದೂ ಕಡಿಮೆಯಾಗುತ್ತದೆ. ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ: ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ರೋಗಿಯ ಪಕ್ಕ ಕುಳಿತರೆ, ಜೊತೆಗೆ ಊಟ ಮಾಡಿದರೆ ಏನೂ ಆಗುವುದಿಲ್ಲ.

ಕಾಳಿನ ಬಣ್ಣ ಏಕೆ ಮುಖ್ಯ?

ಮೈಸಿಟೋಮಾದಲ್ಲಿ ಎರಡು ವಿಧಗಳಿವೆ. ಒಂದು ಶಿಲೀಂಧ್ರದಿಂದ ಬರುವುದು, ಇನ್ನೊಂದು ಎಳೆಯಂತೆ ಬೆಳೆಯುವ ಕೆಲವು ಬ್ಯಾಕ್ಟೀರಿಯಾಗಳಿಂದ ಬರುವುದು. ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ. ಆದರೆ ಔಷಧಿ ಪೂರ್ತಿ ಬೇರೆ. ಕಾಳು ಕಪ್ಪಾಗಿದ್ದರೆ ಅದು ಶಿಲೀಂಧ್ರ, ಕೆಂಪಾಗಿದ್ದರೆ ಬ್ಯಾಕ್ಟೀರಿಯಾ. ಬಿಳಿ ಅಥವಾ ಹಳದಿಯಾಗಿದ್ದರೆ ಎರಡರಲ್ಲಿ ಯಾವುದೂ ಇರಬಹುದು, ಆಗ ಪ್ರಯೋಗಾಲಯದ ಪರೀಕ್ಷೆ ಬೇಕೇ ಬೇಕು. ದಕ್ಷಿಣ ಭಾರತದಲ್ಲಿ ಬ್ಯಾಕ್ಟೀರಿಯಾದ ವಿಧ ಹೆಚ್ಚು, ರಾಜಸ್ಥಾನದಂಥ ಒಣ ಪ್ರದೇಶದಲ್ಲಿ ಶಿಲೀಂಧ್ರದ ವಿಧ ಹೆಚ್ಚು ಕಾಣುತ್ತದೆ.

ಬ್ಯಾಕ್ಟೀರಿಯಾದ ವಿಧಕ್ಕೆ ಆ್ಯಂಟಿಬಯೋಟಿಕ್‌ಗಳಿವೆ, ಅವುಗಳಿಂದ ಹೆಚ್ಚಿನವರು ಗುಣವಾಗುತ್ತಾರೆ. ಶಿಲೀಂಧ್ರದ ವಿಧ ಹಠಮಾರಿ. ಇದಕ್ಕೆ ಕಾರಣ ಶಿಲೀಂಧ್ರದ ಜೀವಕೋಶ ಬ್ಯಾಕ್ಟೀರಿಯಾದ ಜೀವಕೋಶಕ್ಕಿಂತ ಮನುಷ್ಯನ ಜೀವಕೋಶಕ್ಕೇ ಹತ್ತಿರದ್ದು. ಅದನ್ನು ಕೊಲ್ಲುವ ವಿಷ ನಮಗೂ ತೊಂದರೆ ಮಾಡಬಹುದು. ಅದೃಷ್ಟಕ್ಕೆ ಒಂದು ವ್ಯತ್ಯಾಸ ಇದೆ. ನಮ್ಮ ಜೀವಕೋಶದ ಹೊರಪದರದಲ್ಲಿ ಕೊಲೆಸ್ಟರಾಲ್ ಇದೆ, ಶಿಲೀಂಧ್ರದ ಹೊರಪದರದಲ್ಲಿ ಎರ್ಗೋಸ್ಟೆರಾಲ್ ಇದೆ. ಇಟ್ರಾಕೊನಜೋಲ್‌ನಂಥ ಔಷಧಿಗಳು ಈ ಎರ್ಗೋಸ್ಟೆರಾಲ್ ತಯಾರಾಗದಂತೆ ತಡೆಯುತ್ತವೆ. ಆದರೆ ಕಪ್ಪು ಕಾಳಿನ ಒಳಗೆ ಶಿಲೀಂಧ್ರ ಮೆಲನಿನ್ ಎಂಬ ಬಣ್ಣದ ವಸ್ತು ಮತ್ತು ಗಟ್ಟಿ ಅಂಟಿನ ಕೋಟೆ ಕಟ್ಟಿಕೊಂಡು ಕುಳಿತಿರುತ್ತದೆ. ಔಷಧಿ ಒಳಗೆ ಹೋಗುವುದೇ ಕಷ್ಟ. ಆದ್ದರಿಂದ ಕನಿಷ್ಠ ಒಂದು ವರ್ಷ ಮಾತ್ರೆ, ಅದರ ಜೊತೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಅಷ್ಟಾದರೂ ರೋಗ ಮರಳಿ ಬರುವುದು ಸಾಮಾನ್ಯ. ಬಹಳ ತಡವಾದರೆ ಪಾದವನ್ನೋ ಕಾಲನ್ನೋ ಕತ್ತರಿಸಬೇಕಾಗುತ್ತದೆ.

ಉಸಿರಿನ ದಾರಿಯಲ್ಲಿ ಬರುವವು

ಈಗ ಎರಡನೇ ದಾರಿಗೆ ಬರೋಣ. ಅಮೆರಿಕದ ಅರಿಜೋನಾ ಮತ್ತು ಕ್ಯಾಲಿಫೋರ್ನಿಯಾದ ಒಣ ಮಣ್ಣಿನಲ್ಲಿ ಕಾಕ್ಸಿಡಿಯೋಯಿಡಿಸ್ ಎಂಬ ಶಿಲೀಂಧ್ರವಿದೆ. ಧೂಳಿನ ಜೊತೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಬಹಳಷ್ಟು ಜನರಿಗೆ ನೆಗಡಿ, ಜ್ವರದಂತೆ ಬಂದು ಹೋಗುತ್ತದೆ. ತೀರ ಕೆಲವರಲ್ಲಿ ಮಾತ್ರ ಅದು ರಕ್ತದ ಮೂಲಕ ಬೆನ್ನುಮೂಳೆ ಮುಂತಾದ ಕಡೆ ಸೇರುತ್ತದೆ.

ಅಮೆರಿಕದ ದೊಡ್ಡ ಸರೋವರಗಳ ಸುತ್ತ ಮತ್ತು ಮಿಸಿಸಿಪಿ, ಒಹಾಯೊ ನದಿಗಳ ಕಣಿವೆಯಲ್ಲಿ ಬ್ಲಾಸ್ಟೋಮೈಸಿಸ್ ಎಂಬ ಇನ್ನೊಂದು ಶಿಲೀಂಧ್ರವಿದೆ. 1984ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಈಗಲ್ ರಿವರ್ ಬಳಿ ಶಾಲಾ ಮಕ್ಕಳು ಪರಿಸರ ಶಿಬಿರಕ್ಕೆ ಹೋಗಿದ್ದರು. ಬೀವರ್ ಪ್ರಾಣಿಗಳು ಕಟ್ಟಿದ ಕೊಳದ ದಂಡೆಯಲ್ಲಿ ಓಡಾಡಿದರು. ಆಮೇಲೆ ಮಕ್ಕಳು ಮತ್ತು ದೊಡ್ಡವರು ಸೇರಿ 95 ಜನರಲ್ಲಿ 48 ಮಂದಿಗೆ ಈ ಸೋಂಕು ಕಂಡುಬಂತು. ವಿಜ್ಞಾನಿಗಳು ಅದೇ ಕೊಳದ ಬಳಿಯ ಮಣ್ಣಿನಿಂದ ಶಿಲೀಂಧ್ರವನ್ನು ಬೆಳೆಸಿ ತೋರಿಸಿದರು. ಆ ಮಕ್ಕಳು ಮೊದಲೇ ಕಾಯಿಲೆ ಇದ್ದವರಲ್ಲ. ಈ ಶಿಲೀಂಧ್ರ ಶ್ವಾಸಕೋಶದಿಂದ ಹೊರಗೆ ಹರಡಿದಾಗ ಹೆಚ್ಚಾಗಿ ಸೇರುವುದು ಚರ್ಮಕ್ಕೆ ಮತ್ತು ಮೂಳೆಗೆ. ಪಾರಿವಾಳದ ಹಿಕ್ಕೆಯಲ್ಲಿರುವ ಕ್ರಿಪ್ಟೋಕಾಕಸ್ ಕೂಡ ಅಪರೂಪಕ್ಕೆ ಆರೋಗ್ಯವಂತ ಮಕ್ಕಳ ಮೂಳೆಗೆ ಸೇರಿದ್ದನ್ನು ವೈದ್ಯರು ದಾಖಲಿಸಿದ್ದಾರೆ.

ಮಕ್ಕಳ ಮೂಳೆಯೇ ಏಕೆ? ಬೆಳೆಯುವ ಮೂಳೆಯ ತುದಿಗಳಿಗೆ ರಕ್ತ ಹೆಚ್ಚು ಬೇಕು. ಅಲ್ಲಿನ ಸಣ್ಣ ರಕ್ತನಾಳಗಳು ಬಳುಕಿ ತಿರುಗುವ ಕಡೆ ರಕ್ತದ ವೇಗ ಕಡಿಮೆಯಾಗುತ್ತದೆ. ರಕ್ತದಲ್ಲಿ ತೇಲಿ ಬಂದ ರೋಗಾಣು ಅಲ್ಲಿ ತಂಗುವುದು ಸುಲಭ. ಹೀಗೆ ತಂಗುವುದು ಹೆಚ್ಚಿನ ಸಲ ಬ್ಯಾಕ್ಟೀರಿಯಾವೇ. ಅದು ಬಂದರೆ ಕೆಲವೇ ದಿನಗಳಲ್ಲಿ ಜೋರು ಜ್ವರ, ನೋವು ಇರುತ್ತದೆ. ಶಿಲೀಂಧ್ರವಾದರೆ ವಾರಗಳು, ತಿಂಗಳುಗಳ ಕಾಲ ಸಣ್ಣ ಊತ, ಸಣ್ಣ ಕುಂಟು ನಡಿಗೆ ಮಾತ್ರ ಇರುತ್ತದೆ. ಎಕ್ಸ್‌ರೇಯಲ್ಲಿ ನೋಡಿದರೆ ಕ್ಷಯದಂತೆಯೋ ಮೂಳೆ ಕ್ಯಾನ್ಸರ್‌ನಂತೆಯೋ ಕಾಣುತ್ತದೆ. ನಮ್ಮ ದೇಶದಲ್ಲಿ ಮೂಳೆಯ ಕ್ಷಯ ಸಾಮಾನ್ಯವಾದ್ದರಿಂದ ಮೊದಲು ಅದೇ ಅನುಮಾನ ಬರುವುದು ಸಹಜ. ಆದ್ದರಿಂದಲೇ ಮೂಳೆಯ ಚೂರು ತೆಗೆದು ಪರೀಕ್ಷೆಗೆ ಕಳಿಸುವಾಗ ಸೂಕ್ಷ್ಮದರ್ಶಕದಲ್ಲಿ ನೋಡುವುದರ ಜೊತೆಗೆ ಬ್ಯಾಕ್ಟೀರಿಯಾ, ಕ್ಷಯ, ಶಿಲೀಂಧ್ರ ಈ ಮೂರಕ್ಕೂ ಕಲ್ಚರ್ ಮಾಡಿಸುವುದು ಒಳ್ಳೆಯದು. ಕೇಳದಿದ್ದರೆ ಉತ್ತರವೂ ಸಿಗುವುದಿಲ್ಲ.

ಇನ್ನೊಂದು ಮುಖ್ಯ ವಿಷಯ. ಆರೋಗ್ಯವಂತನಂತೆ ಕಾಣುವ ಮಗುವಿಗೆ ಇಂಥ ಸೋಂಕು ಬಂದರೆ, ಅದು ನಿಜವಾಗಿಯೂ ಆರೋಗ್ಯವಾಗಿದೆಯೇ ಎಂದು ವೈದ್ಯರು ಪರೀಕ್ಷಿಸುತ್ತಾರೆ. ಹುಟ್ಟಿನಿಂದಲೇ ಬಿಳಿ ರಕ್ತಕಣಗಳು ಶಿಲೀಂಧ್ರವನ್ನು ನುಂಗಿದರೂ ಕೊಲ್ಲಲಾಗದ ಒಂದು ಆನುವಂಶಿಕ ಕಾಯಿಲೆ ಇದೆ. ಅದರ ಹೆಸರು ಕ್ರಾನಿಕ್ ಗ್ರ್ಯಾನುಲೋಮ್ಯಾಟಸ್ ಡಿಸೀಸ್. ಕೆಲವು ಮಕ್ಕಳಲ್ಲಿ ಪಕ್ಕೆಲುಬಿನ ಅಥವಾ ಬೆನ್ನುಮೂಳೆಯ ಶಿಲೀಂಧ್ರ ಸೋಂಕೇ ಆ ಕಾಯಿಲೆಯ ಮೊದಲ ಸುಳಿವು. ಒಂದು ರಕ್ತ ಪರೀಕ್ಷೆಯಿಂದ ಅದನ್ನು ಪತ್ತೆ ಮಾಡಬಹುದು. ಪತ್ತೆಯಾದರೆ ಮುಂದಿನ ಸೋಂಕುಗಳನ್ನು ತಡೆಯಲು ಔಷಧಿ ಕೊಡಬಹುದು.

ಇಲ್ಲಿ ಅರ್ಥಶಾಸ್ತ್ರ ಎಲ್ಲಿದೆ?

ನಮ್ಮ ಅರ್ಥಶಾಸ್ತ್ರದ ಪಾಠದಲ್ಲಿ ಬೇಡಿಕೆ ಎಂದರೆ ಬರೀ ಬಯಕೆ ಅಲ್ಲ ಎಂದು ಓದಿದ್ದೇವೆ. ಬಯಕೆಯ ಜೊತೆ ಕೊಳ್ಳುವ ಶಕ್ತಿಯೂ ಕೊಳ್ಳುವ ಮನಸ್ಸೂ ಇರಬೇಕು. ಸುಡಾನಿನ ಕುರಿ ಕಾಯುವ ಹುಡುಗನಿಗೆ ಔಷಧಿ ಬೇಕು, ಆದರೆ ಅವನ ಹತ್ತಿರ ಹಣ ಇಲ್ಲ. ಮಾರುಕಟ್ಟೆಯ ಲೆಕ್ಕದಲ್ಲಿ ಅವನ ಬೇಡಿಕೆ ಸೊನ್ನೆ. ಸೊನ್ನೆ ಬೇಡಿಕೆಗೆ ಯಾವ ಕಂಪನಿ ಕೋಟಿಗಟ್ಟಲೆ ಹಾಕಿ ಸಂಶೋಧನೆ ಮಾಡುತ್ತದೆ? ರೋಗವನ್ನು ವಿವರಿಸಿ 180 ವರ್ಷ ಕಳೆದರೂ ಅದಕ್ಕೆಂದೇ ಒಳ್ಳೆಯ ಔಷಧಿ ಬರದಿರುವುದಕ್ಕೆ ಇದು ದೊಡ್ಡ ಕಾರಣ.

ಲೆಕ್ಕ ನೋಡಿ. ಇಟ್ರಾಕೊನಜೋಲ್ ದಿನಕ್ಕೆ 400 ಮಿಲಿಗ್ರಾಂ, ಅಂದರೆ 100 ಮಿಲಿಗ್ರಾಂನ 4 ಕ್ಯಾಪ್ಸೂಲ್. ವರ್ಷಕ್ಕೆ 1,460 ಕ್ಯಾಪ್ಸೂಲ್. ಅದರ ಬೆಲೆಗೆ ಪ್ರಯಾಣದ ಖರ್ಚು, ತಂದೆ ಕಳೆದುಕೊಳ್ಳುವ ಕೂಲಿ, ಮಗ ಕಳೆದುಕೊಳ್ಳುವ ಓದು ಇವನ್ನೂ ಸೇರಿಸಬೇಕು. ಅವಕಾಶ ವೆಚ್ಚ ಎಂದು ನಾವು ಪುಸ್ತಕದಲ್ಲಿ ಓದುವುದು ಇದನ್ನೇ.

ಮಾರುಕಟ್ಟೆ ಸೋತ ಕಡೆ ಬೇರೆ ದಾರಿ ಬೇಕು. ಸುಡಾನಿನ ವೈದ್ಯ ಪ್ರೊಫೆಸರ್ ಅಹ್ಮದ್ ಹಸನ್ ಫಹಲ್ ಆ ದಾರಿ ಹುಡುಕಿದರು. 1991ರಲ್ಲಿ ಖಾರ್ಟೂಮ್ ವಿಶ್ವವಿದ್ಯಾಲಯದ ಅಡಿಯಲ್ಲಿ ಮೈಸಿಟೋಮಾ ಸಂಶೋಧನಾ ಕೇಂದ್ರ ಆರಂಭವಾಯಿತು. ಅಲ್ಲಿ ಸಾವಿರಾರು ರೋಗಿಗಳಿಗೆ ಚಿಕಿತ್ಸೆ ಸಿಕ್ಕಿತು, ಹಳ್ಳಿಗಳಿಗೆ ವೈದ್ಯರ ತಂಡಗಳು ಹೋದವು. ಅವರು ಮತ್ತು ಇತರರು ಬಿಡದೆ ಪ್ರಯತ್ನಿಸಿದ್ದರಿಂದ 2016ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೈಸಿಟೋಮಾವನ್ನು ನಿರ್ಲಕ್ಷಿತ ಉಷ್ಣವಲಯದ ರೋಗಗಳ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದರೆ ಏನಾಯಿತು ಎನ್ನಬೇಡಿ. ಹೆಸರಿಲ್ಲದ ರೋಗಕ್ಕೆ ಬಜೆಟ್ಟೂ ಇರುವುದಿಲ್ಲ.

2017ರಲ್ಲಿ ಅದೇ ಕೇಂದ್ರದಲ್ಲಿ ಡಿಎನ್‌ಡಿಐ ಎಂಬ ಲಾಭರಹಿತ ಸಂಸ್ಥೆ ಮತ್ತು ಜಪಾನಿನ ಐಸಾಯ್ ಕಂಪನಿ ಸೇರಿ ಫೋಸ್‌ರಾವುಕೊನಜೋಲ್ ಎಂಬ ಔಷಧಿಯ ಪ್ರಯೋಗ ಆರಂಭಿಸಿದವು. ಜಪಾನಿನಲ್ಲಿ ಇದನ್ನು ಮಾರುವುದು ಉಗುರಿನ ಶಿಲೀಂಧ್ರಕ್ಕೆ. ಉಗುರು ಚೆನ್ನಾಗಿರಲಿ ಎಂದು ಹಣ ಕೊಡುವವರಿದ್ದಾರೆ, ಆದ್ದರಿಂದ ಔಷಧಿ ಹುಟ್ಟಿತು. ಆ ಔಷಧಿ ಈಗ ಪಾದ ಉಳಿಸಲು ಬಂತು. 2023ರಲ್ಲಿ ತಿಳಿಸಿದ ಫಲಿತಾಂಶದ ಪ್ರಕಾರ ಇದು ಇಟ್ರಾಕೊನಜೋಲ್‌ನಷ್ಟೇ ಕೆಲಸ ಮಾಡುತ್ತದೆ. ಆದರೆ ದಿನಕ್ಕೆ 4 ಮಾತ್ರೆಯ ಬದಲು ವಾರಕ್ಕೆ 2 ಸಾಕು. 1,460ರ ಜಾಗದಲ್ಲಿ ವರ್ಷಕ್ಕೆ ಸುಮಾರು 104. ಹಳ್ಳಿಯಲ್ಲಿರುವ ಮಗುವಿಗೆ ಇದು ಬಹಳ ದೊಡ್ಡ ವ್ಯತ್ಯಾಸ.

ದುಃಖದ ಸಂಗತಿ ಏನೆಂದರೆ, ಅದೇ 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಯುದ್ಧ ಶುರುವಾಯಿತು. ಖಾರ್ಟೂಮ್ ಕೇಂದ್ರ ಆ ಯುದ್ಧದಲ್ಲಿ ನಾಶವಾಯಿತು. ದಶಕಗಳಿಂದ ಕೂಡಿಟ್ಟ ರೋಗಿಗಳ ಮಾದರಿಗಳು, ದಾಖಲೆಗಳು ಹಾಳಾದವು. ರೋಗಿಗಳು ಚದುರಿದರು. ಅರ್ಧ ಕೋರ್ಸ್ ಮುಗಿಸಿದ ಮಗುವಿಗೆ ಉಳಿದ ಅರ್ಧ ಎಲ್ಲಿ ಸಿಗಬೇಕು? ಯುದ್ಧದ ಸುದ್ದಿಯಲ್ಲಿ ಸತ್ತವರ ಲೆಕ್ಕ ಬರುತ್ತದೆ. ಮಾತ್ರೆ ನಿಂತವರ ಲೆಕ್ಕ ಬರುವುದಿಲ್ಲ.

ನಾವು ನೆನಪಿಡಬೇಕಾದದ್ದು

ಈ ಲೇಖನ ಓದಿ ಯಾರೂ ಹೆದರಬೇಕಾಗಿಲ್ಲ. ಮುಳ್ಳು ಚುಚ್ಚಿದವರಿಗೆಲ್ಲ ಈ ರೋಗ ಬರುವುದಿಲ್ಲ. ಆದರೂ ಕೆಲವು ಮಾತುಗಳನ್ನು ಮನೆಯಲ್ಲಿ ಹೇಳಿ.

ಹೊಲ, ಕೊಟ್ಟಿಗೆ, ಮುಳ್ಳಿನ ಜಾಗಕ್ಕೆ ಹೋಗುವಾಗ ಚಪ್ಪಲಿಗಿಂತ ಮುಚ್ಚಿದ ಶೂ ಒಳ್ಳೆಯದು. ಮುಳ್ಳು ಚುಚ್ಚಿದರೆ ಪೂರ್ತಿ ತೆಗೆದು ಸಾಬೂನು ನೀರಿನಿಂದ ತೊಳೆಯಿರಿ, ಟೆಟನಸ್ ಚುಚ್ಚುಮದ್ದಿನ ಬಗ್ಗೆ ಕೇಳಿ. ಗಾಯ ವಾಸಿಯಾದ ಮೇಲೆ ಅದೇ ಜಾಗದಲ್ಲಿ ನೋವಿಲ್ಲದ ಗಂಟು ಬಂದು ಬೆಳೆಯುತ್ತಿದ್ದರೆ ವೈದ್ಯರಿಗೆ ತೋರಿಸಿ, ಹಳೆಯ ಮುಳ್ಳಿನ ವಿಷಯವನ್ನೂ ಹೇಳಿ. ಮಗು ವಾರಗಟ್ಟಲೆ ಕುಂಟಿದರೆ "ಆಟದಲ್ಲಿ ಬಿದ್ದಿರಬೇಕು" ಎಂದು ಬಿಡಬೇಡಿ. ಗಂಟನ್ನು ಮನೆಯಲ್ಲಿ ಕೊಯ್ಯುವುದು, ಬರೆ ಹಾಕುವುದು, ಅಂಗಡಿಯಿಂದ ಸ್ಟೀರಾಯ್ಡ್ ಮುಲಾಮು ತಂದು ಹಚ್ಚುವುದು ಬೇಡ. ವೈದ್ಯರು ದೀರ್ಘ ಕಾಲದ ಮಾತ್ರೆ ಕೊಟ್ಟರೆ ಊತ ಇಳಿಯಿತು ಎಂದು ಮಧ್ಯದಲ್ಲಿ ನಿಲ್ಲಿಸಬೇಡಿ.

ಇದರಲ್ಲಿ ಸೈನ್ಸ್ ವಿಭಾಗದ ಸ್ನೇಹಿತರಿಗೆ ಒಂದು ಕೆಲಸ ಇದೆ: ಆ ಕಪ್ಪು ಕಾಳಿನ ಕೋಟೆ ಒಡೆಯುವ ಔಷಧಿ ಇನ್ನೂ ಯಾರೋ ಕಂಡುಹಿಡಿಯಬೇಕು. ಕಾಮರ್ಸ್‌ನವರಾದ ನಮಗೂ ಒಂದು ಕೆಲಸ ಇದೆ. ಕೊಳ್ಳುವ ಶಕ್ತಿ ಇಲ್ಲದವರ ಅಗತ್ಯವನ್ನು ಲೆಕ್ಕಪತ್ರದ ಯಾವ ಕಾಲಂನಲ್ಲಿ ಬರೆಯಬೇಕು ಎಂಬುದನ್ನು ನಮ್ಮಲ್ಲಿ ಯಾರಾದರೂ ಯೋಚಿಸಬೇಕು.